ಓಡುವ ಕುದುರೆಯ ಚಿಕಿತ್ಸೆಯ ಲೆಕ್ಕ ಎಲ್ಲರಿಗೂ ಕಾಣಲಿ

ಪರೀಕ್ಷೆಯ ದಿನವೇ ಜ್ವರ ಬಂದರೆ ನಾವೇನು ಮಾಡುತ್ತೇವೆ? ಒಂದು ಪ್ಯಾರಾಸಿಟಮಾಲ್ ನುಂಗಿ ಹಾಲ್‌ಗೆ ಹೋಗುತ್ತೇವೆ. ಕ್ಯಾಂಪಸ್ ಸಂದರ್ಶನದ ಹಿಂದಿನ ರಾತ್ರಿ ಹಲ್ಲುನೋವು ಶುರುವಾದರೂ ಅಷ್ಟೇ. ನೋವನ್ನು ಒಂದು ದಿನದ ಮಟ್ಟಿಗೆ ಬಾಯಿ ಮುಚ್ಚಿಸಿ ಕೆಲಸ ಮುಗಿಸಿಕೊಳ್ಳುತ್ತೇವೆ. ಅದು ಸರಿಯೋ ತಪ್ಪೋ, ತೀರ್ಮಾನ ಮಾತ್ರ ನಮ್ಮದು. ಮಾತ್ರೆ ನುಂಗಿದವರು ನಾವೇ, ಆಮೇಲೆ ಮಲಗಿ ಸುಧಾರಿಸಿಕೊಳ್ಳುವವರೂ ನಾವೇ.

ರೇಸಿನ ಕುದುರೆಗೆ ಈ ಆಯ್ಕೆ ಇಲ್ಲ. ಅದರ ಕಾಲು ನೋಯುತ್ತಿದ್ದರೆ ಚುಚ್ಚುಮದ್ದು ಕೊಡಿಸುವವರು ಬೇರೆ, ಕೊಡುವವರು ಬೇರೆ, ಗೆದ್ದರೆ ಬಹುಮಾನ ಪಡೆಯುವವರು ಬೇರೆ. ನೋವು ಮಾತ್ರ ಕುದುರೆಯದು. ಆದ್ದರಿಂದಲೇ ಪ್ರಪಂಚದ ಎಲ್ಲ ದೊಡ್ಡ ರೇಸುಗಳಲ್ಲೂ ಕುದುರೆಗೆ ಯಾವ ಔಷಧ ಕೊಡಬಹುದು, ಕೊಟ್ಟರೆ ಎಷ್ಟು ದಿನ ಓಡಿಸಬಾರದು ಎಂಬ ನಿಯಮಗಳಿವೆ. ಈ ನಿಯಮಗಳ ಬಗ್ಗೆ ನಮ್ಮಲ್ಲಿ ಚರ್ಚೆಯೇ ಕಡಿಮೆ. ಬೆಂಗಳೂರಿನ ರೇಸ್ ಕೋರ್ಸ್ ಎಂದರೆ ನಮಗೆ ನೆನಪಾಗುವುದು ಮೂರೇ ವಿಷಯ: ಜಾಗ, ಜೂಜು ಮತ್ತು ತೆರಿಗೆ. 2009ರಲ್ಲಿ ಗುತ್ತಿಗೆ ಮುಗಿದ ಮೇಲೆ ಅಲ್ಲಿಂದ ಎತ್ತಂಗಡಿ ಮಾಡಬೇಕೇ ಬೇಡವೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ತಿ ಮೊತ್ತಕ್ಕೆ ಶೇ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 40 ಆಯಿತು. 2024ರ ಜೂನ್‌ನಲ್ಲಿ ಸರ್ಕಾರ ಪರವಾನಗಿ ನಿರಾಕರಿಸಿ, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಇಷ್ಟೆಲ್ಲ ಗಲಾಟೆಯಲ್ಲಿ ಕುದುರೆಯ ಕಾಲಿನ ಸುದ್ದಿ ಎಲ್ಲಿಯೂ ಬರಲಿಲ್ಲ.

ನಾನು ವರ್ತೂರಿನವನು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವವನು. ಕುದುರೆ ಸವಾರಿ ಗೊತ್ತಿಲ್ಲ, ಬಾಜಿ ಕಟ್ಟುವವನೂ ಅಲ್ಲ. ಆದರೂ ಈ ವಿಷಯದಲ್ಲಿ ಒಂದು ಮಾತು ಹೇಳಬೇಕೆನಿಸಿದೆ. ಓಟ ಮುಗಿದ ಮೇಲೆ ಮೂತ್ರ ಪರೀಕ್ಷಿಸುವುದರಿಂದ ಕಳ್ಳ ಸಿಗಬಹುದು, ಕುದುರೆ ಉಳಿಯುವುದಿಲ್ಲ. ಕುದುರೆ ಉಳಿಯಬೇಕಾದರೆ ಓಟಕ್ಕೆ ಮುಂಚೆ ಅದಕ್ಕೆ ಏನೇನು ಚಿಕಿತ್ಸೆ ಆಯಿತು ಎಂಬ ಲೆಕ್ಕ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು.

ಒಂದೇ ಔಷಧ, ಎರಡು ಕಥೆ

2017ರಲ್ಲಿ ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ಗೆದ್ದ ‘ಕ್ವೀನ್ ಲತೀಫಾ’ ಎಂಬ ಕುದುರೆಯ ಮಾದರಿಯಲ್ಲಿ ಪ್ರೊಕೇನ್ ಎಂಬ ಔಷಧ ಪತ್ತೆಯಾಯಿತು. ಪ್ರಕರಣ ದೊಡ್ಡದಾಗಿ ಸಿಐಡಿ ತನಿಖೆಯವರೆಗೆ ಹೋಯಿತು. ಅದರಲ್ಲಿ ಯಾರದು ತಪ್ಪು ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಪ್ರೊಕೇನ್ ಎಂದರೇನು ಎಂದು ತಿಳಿದುಕೊಂಡರೆ ಇಡೀ ಸಮಸ್ಯೆಯ ಗಂಟು ಎಲ್ಲಿದೆ ಎಂಬುದು ಗೊತ್ತಾಗುತ್ತದೆ.

ಪ್ರೊಕೇನ್ ಮರಗಟ್ಟಿಸುವ ಔಷಧ. ಒಂದು ಕಾಲದಲ್ಲಿ ನೊವೊಕೇನ್ ಎಂಬ ಹೆಸರಿನಲ್ಲಿ ಹಲ್ಲಿನ ಡಾಕ್ಟರುಗಳು ಹಲ್ಲು ಕೀಳುವ ಮುಂಚೆ ಕೊಡುತ್ತಿದ್ದುದು ಇದನ್ನೇ. ಕುಂಟುವ ಕುದುರೆಯ ಕಾಲಿನ ನರದ ಹತ್ತಿರ ಇದನ್ನು ಚುಚ್ಚಿದರೆ ನೋವು ಗೊತ್ತಾಗುವುದಿಲ್ಲ, ಕುದುರೆ ನೆಟ್ಟಗೆ ಓಡುತ್ತದೆ. ಇದು ಮೋಸದ ಕಥೆ.

ಇನ್ನೊಂದು ಕಥೆಯೂ ಇದೆ. ಪೆನಿಸಿಲಿನ್ ಚುಚ್ಚುಮದ್ದಿನ ಒಂದು ಬಗೆಯ ಹೆಸರೇ ಪ್ರೊಕೇನ್ ಪೆನಿಸಿಲಿನ್. ಪೆನಿಸಿಲಿನ್ ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗಲಿ, ಚುಚ್ಚಿದ ಜಾಗ ಹೆಚ್ಚು ನೋಯದಿರಲಿ ಎಂದು ಅದರ ಜತೆಗೆ ಪ್ರೊಕೇನ್ ಸೇರಿಸಿರುತ್ತಾರೆ. ಗಾಯ ಕೀವಾದ ಕುದುರೆಗೆ ಪಶುವೈದ್ಯರು ಇದನ್ನು ಕೊಟ್ಟರೆ ಅದರಲ್ಲಿ ಮೋಸವೇನೂ ಇಲ್ಲ, ಶುದ್ಧ ಚಿಕಿತ್ಸೆ. ಆದರೆ ಹೀಗೆ ಕೊಟ್ಟ ಪ್ರೊಕೇನ್ ವಾರಗಳವರೆಗೆ ಮೂತ್ರದಲ್ಲಿ ಕಾಣಿಸಿಕೊಳ್ಳಬಹುದು. ಗಾಯ ಮಾಯ್ದು, ಎಲ್ಲರೂ ಮರೆತ ಮೇಲೂ ಪ್ರಯೋಗಾಲಯದ ಯಂತ್ರ ಮರೆಯುವುದಿಲ್ಲ.

ಈಗ ಯೋಚಿಸಿ. ಪ್ರಯೋಗಾಲಯ ಏನು ಹೇಳಬಲ್ಲದು? ‘ಇಲ್ಲಿ ಪ್ರೊಕೇನ್ ಇದೆ’ ಎಂದಷ್ಟೇ. ಯಾಕೆ ಕೊಟ್ಟರು, ಯಾವ ದಿನ ಕೊಟ್ಟರು, ಗಾಯಕ್ಕೋ ಕುಂಟು ಮುಚ್ಚಲಿಕ್ಕೋ ಎಂಬುದನ್ನು ಅದು ಖಚಿತವಾಗಿ ಹೇಳಲಾರದು. ಆ ಉತ್ತರ ಇರುವುದು ಚಿಕಿತ್ಸೆಯ ಪುಸ್ತಕದಲ್ಲಿ. ಆ ಪುಸ್ತಕ ಅದೇ ದಿನ ಬರೆದದ್ದಾಗಿದ್ದರೆ ಅದಕ್ಕೆ ಬೆಲೆ. ಮಾದರಿ ಸಿಕ್ಕಿಬಿದ್ದ ಮೇಲೆ ಬರೆದದ್ದಾದರೆ ಅದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ.

ನಿಯಮ ಇರುವುದು ಹೇಗೆ?

ರೇಸಿಂಗ್ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಚ್‌ಎ ಒಂದು ಒಪ್ಪಂದ ಮಾಡಿಕೊಂಡಿದೆ. ಅದರ ಆರನೇ ವಿಧಿ ಔಷಧಗಳಿಗೆ ಸಂಬಂಧಿಸಿದ್ದು. ಅದರ ತಿರುಳು ಸರಳ: ಓಟದ ದಿನ ಕುದುರೆಯ ಮೈಯಲ್ಲಿ, ಅದರ ದೇಹದ ಮೇಲೆ ಪರಿಣಾಮ ಬೀರಬಲ್ಲ ಯಾವ ಔಷಧವೂ ಇರಕೂಡದು.

ಔಷಧಗಳಲ್ಲಿ ಎರಡು ಗುಂಪು. ಮಾಂಸಖಂಡ ಉಬ್ಬಿಸುವ ಸ್ಟೀರಾಯ್ಡ್, ರಕ್ತಕಣ ಹೆಚ್ಚಿಸುವ ಇಪಿಒ ಇಂಥವು ಓಟವಿಲ್ಲದ ದಿನವೂ ನಿಷಿದ್ಧ. ಇನ್ನೊಂದು ಗುಂಪು ನಿಜವಾದ ಚಿಕಿತ್ಸೆಯ ಔಷಧಗಳದು. ನೋವು ನಿವಾರಕ, ಊತ ಇಳಿಸುವ ಔಷಧ, ಆ್ಯಂಟಿಬಯೊಟಿಕ್ ಇವನ್ನೆಲ್ಲ ಕೊಡಬಹುದು, ಕೊಡಲೇಬೇಕು ಕೂಡ. ಕಾಯಿಲೆ ಬಿದ್ದ ಪ್ರಾಣಿಗೆ ಔಷಧ ಕೊಡದಿರುವುದೂ ಕ್ರೌರ್ಯವೇ. ಆದರೆ ಔಷಧ ಮೈಯಿಂದ ಇಳಿಯುವವರೆಗೆ ಓಡಿಸುವಂತಿಲ್ಲ.

ಎಷ್ಟು ದಿನ? ಫಿನೈಲ್‌ಬ್ಯುಟಜೋನ್ ಎಂಬ ನೋವು ನಿವಾರಕಕ್ಕೆ ಯುರೋಪಿನ ರೇಸಿಂಗ್ ಸಂಸ್ಥೆಗಳು ಕೊಟ್ಟಿರುವ ಪತ್ತೆ ಅವಧಿ 168 ಗಂಟೆ, ಅಂದರೆ 7 ದಿನ. ಇದು ಕೆಲವು ಕುದುರೆಗಳಿಗೆ ನಿಗದಿತ ಪ್ರಮಾಣ ಕೊಟ್ಟು, ಎಷ್ಟು ಹೊತ್ತು ಮಾದರಿಯಲ್ಲಿ ಕಾಣಿಸುತ್ತದೆ ಎಂದು ನೋಡಿ ಹೇಳಿದ್ದು. ನಮ್ಮ ಮುಂದಿರುವ ಕುದುರೆಯ ತೂಕ, ವಯಸ್ಸು, ಕೊಟ್ಟ ಪ್ರಮಾಣ ಬೇರೆಯಾಗಿರಬಹುದು. ಹಾಗಾಗಿ ಪಶುವೈದ್ಯರು ಅದರ ಮೇಲೆ ಇನ್ನೂ ಕೆಲವು ದಿನ ಸೇರಿಸಿಯೇ ‘ಇಂಥ ದಿನದವರೆಗೆ ಓಡಿಸಬೇಡಿ’ ಎನ್ನಬೇಕು. ಎಂಜಿನಿಯರಿಂಗ್ ಓದುವವರಿಗೆ ಇದು ಹೊಸದೇನಲ್ಲ, ನಾವು ಲೆಕ್ಕದಲ್ಲಿ ಹಾಕುವ ಫ್ಯಾಕ್ಟರ್ ಆಫ್ ಸೇಫ್ಟಿಯೇ.

ಕೆಲವು ವಸ್ತುಗಳಿಗೆ ಸೊನ್ನೆಯ ಬದಲು ಒಂದು ಮಿತಿ ಇದೆ, ಏಕೆಂದರೆ ಅವು ಮೇವಿನಿಂದಲೋ ಕುದುರೆಯ ಮೈಯಲ್ಲೇ ಹುಟ್ಟಿಯೋ ಇರುತ್ತವೆ. ನಮ್ಮ ಅಡುಗೆಮನೆಯ ಸೋಡಾವನ್ನೇ ನೋಡಿ. ಬೋಂಡಾ ಉಬ್ಬಲು ಚಿಟಿಕೆ ಹಾಕುವ ಆ ಸೋಡಾವನ್ನು ನೀರಿನಲ್ಲಿ ಕಲಸಿ, ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿ ಕುಡಿಸಿದರೆ ಓಡುವಾಗ ಮಾಂಸಖಂಡದಲ್ಲಿ ಆಮ್ಲ ಸೇರಿ ಆಗುವ ದಣಿವು ತಡವಾಗುತ್ತದೆ ಎಂಬ ನಂಬಿಕೆಯಿಂದ ಎಷ್ಟೋ ದೇಶಗಳಲ್ಲಿ ಇದನ್ನು ಬಳಸಿ ಸಿಕ್ಕಿಬಿದ್ದಿದ್ದಾರೆ. ‘ಮಿಲ್ಕ್‌ಶೇಕ್’ ಎಂಬುದು ಆ ಲೋಕದಲ್ಲಿ ಇದಕ್ಕಿರುವ ಅಡ್ಡಹೆಸರು. ಇದನ್ನು ಹಿಡಿಯಲು ರಕ್ತದ ಪ್ಲಾಸ್ಮಾದಲ್ಲಿ ಇಂಗಾಲದ ಡೈಆಕ್ಸೈಡ್ ಲೀಟರಿಗೆ 36 ಮಿಲಿಮೋಲ್ ದಾಟಬಾರದು ಎಂದು ಮಿತಿ ಇಟ್ಟಿದ್ದಾರೆ.

ಡೈರಿಗೆ ಇರುವ ನಿಯಮ ರೇಸಿಗೆ ಯಾಕೆ ದೂರ?

ಇದೆಲ್ಲ ದೊಡ್ಡವರ ಆಟದ ಸಂಗತಿ ಎನಿಸಬಹುದು. ಆದರೆ ವರ್ತೂರಿನಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಇನ್ನೂ ಹಸು ಕಟ್ಟುವ ಮನೆಗಳಿವೆ. ನಮ್ಮ ಬೀದಿಯಲ್ಲಿ ಎರಡು ಹಸು ಸಾಕಿರುವ ಅಜ್ಜಿಯೊಬ್ಬರಿದ್ದಾರೆ. ಒಮ್ಮೆ ಹಸುವಿಗೆ ಕೆಚ್ಚಲು ಬಾವು ಬಂದು ಡಾಕ್ಟರು ಚುಚ್ಚುಮದ್ದು ಕೊಟ್ಟು ಹೊರಡುವಾಗ, ‘ಅಜ್ಜಿ, ಈ ಹಸುವಿನ ಹಾಲು ನಾನು ಹೇಳೋವರೆಗೂ ಡೈರಿಗೆ ಹಾಕ್ಬೇಡಿ’ ಎಂದು ಎರಡು ಸಲ ಹೇಳಿದರು. ಅಜ್ಜಿಗೆ ಅದರಿಂದ ನಷ್ಟವೇ. ಆದರೂ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿಸಿಕೊಂಡರು.

ಡಾಕ್ಟರು ಹೇಳಿದ್ದು ಬರೀ ಸಲಹೆಯಲ್ಲ. 2012ರಲ್ಲಿ ಕೇಂದ್ರ ಸರ್ಕಾರ ಔಷಧ ನಿಯಮಗಳಿಗೆ ತಿದ್ದುಪಡಿ ತಂದು, ಆಹಾರ ಕೊಡುವ ಪ್ರಾಣಿಗಳ ಔಷಧದ ಲೇಬಲ್ಲಿನ ಮೇಲೆ ಎಷ್ಟು ದಿನ ಕಾಯಬೇಕು ಎಂದು ಬರೆಯುವುದನ್ನು ಕಡ್ಡಾಯ ಮಾಡಿತು. ಔಷಧಕ್ಕೆ ಬೇರೆ ಅವಧಿ ಗೊತ್ತುಪಡಿಸದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ. ಹಸುವಿನ ಹಾಲಿಗೂ ರೇಸು ಕುದುರೆಯ ಓಟಕ್ಕೂ ತತ್ವ ಒಂದೇ: ಚಿಕಿತ್ಸೆ ಮಾಡು, ಬರೆದಿಡು, ಕಾಯಿ, ಆಮೇಲೆ ಕೆಲಸಕ್ಕೆ ಹಚ್ಚು. ಎರಡು ಹಸುವಿನ ಅಜ್ಜಿಗೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಲು ಆಗುತ್ತದೆ ಎಂದಾದರೆ, ಲಕ್ಷಗಟ್ಟಲೆ ಬೆಲೆಯ ಕುದುರೆ ಕಟ್ಟಿದವರಿಗೆ ಆಗುವುದಿಲ್ಲವೇ?

ನೋವು ಒಂದು ಎಚ್ಚರಿಕೆ

ಕಾಯುವುದು ಯಾಕೆ ಮುಖ್ಯ ಎಂಬುದನ್ನು ನನ್ನ ಪಠ್ಯದ ಭಾಷೆಯಲ್ಲೇ ಹೇಳುತ್ತೇನೆ. ಯಂತ್ರದ ಭಾಗಗಳು ಒಂದೇ ಏಟಿಗೆ ಮುರಿಯುವುದು ಕಡಿಮೆ. ಸಾವಿರಾರು ಸಲ ಬಿದ್ದ ಸಣ್ಣ ಹೊರೆಯಿಂದ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಏಕಾಏಕಿ ಮುರಿಯುತ್ತವೆ. ಇದಕ್ಕೆ ಫಟೀಗ್ ಎನ್ನುತ್ತೇವೆ. ಕುದುರೆಯ ಮೂಳೆಯಲ್ಲೂ ನಡೆಯುವುದು ಇದೇ. ಸುಮಾರು 450ರಿಂದ 500 ಕಿಲೋ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ, ಒಂದು ಮುಂಗಾಲಿನ ಮೇಲೆ ಬೀಳುವ ಹೊರೆ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ರೇಸಿನಲ್ಲಿ ಸತ್ತ ಕುದುರೆಗಳ ಮರಣೋತ್ತರ ಪರೀಕ್ಷೆ ನಡೆಸುತ್ತಿದ್ದಾರೆ. ಕಾಲು ಮುರಿದು ಸತ್ತ ಕುದುರೆಗಳಲ್ಲಿ ಬಹಳಷ್ಟಕ್ಕೆ ಅದೇ ಜಾಗದಲ್ಲಿ ಹಳೆಯ ಪೆಟ್ಟಿನ ಗುರುತು ಇದ್ದದ್ದು ಅದರಿಂದ ಗೊತ್ತಾಗಿದೆ.

ಉಕ್ಕಿಗೂ ಮೂಳೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಉಕ್ಕಿನ ಬಿರುಕು ತಾನಾಗಿ ಕೂಡುವುದಿಲ್ಲ. ಮೂಳೆ ಕೂಡುತ್ತದೆ, ಬಿಡುವು ಕೊಟ್ಟರೆ. ಆ ಬಿಡುವು ಬೇಕೆಂದು ಕುದುರೆ ಕೇಳುವ ಏಕೈಕ ಭಾಷೆ ಕುಂಟುವುದು. ನೋವು ನಿವಾರಕ ಕೊಟ್ಟು ಓಡಿಸಿದರೆ ಬಿರುಕು ಹಾಗೇ ಇರುತ್ತದೆ, ದೂರು ಮಾತ್ರ ನಿಲ್ಲುತ್ತದೆ. ಬೈಕಿನಲ್ಲಿ ಆಯಿಲ್ ಲೈಟ್ ಉರಿಯುತ್ತಿದೆ ಎಂದು ಅದರ ಮೇಲೆ ಸ್ಟಿಕ್ಕರ್ ಅಂಟಿಸಿ ಹೈವೇಗೆ ಇಳಿದಂತೆ. ಅಂಥ ಕುದುರೆ ಪೂರ್ತಿ ವೇಗದಲ್ಲಿ ಮುಗ್ಗರಿಸಿದರೆ ಅದರ ಬೆನ್ನ ಮೇಲಿರುವ ಜಾಕಿ, ಹಿಂದೆ ಬರುತ್ತಿರುವ ಇತರ ಜಾಕಿಗಳು, ಎಲ್ಲರ ಜೀವಕ್ಕೂ ಕುತ್ತು. ಅವರಲ್ಲಿ ಎಷ್ಟೋ ಮಂದಿ ನಮ್ಮ ವಯಸ್ಸಿನವರೇ.

ಶಿಕ್ಷೆ ಬರುವ ಹೊತ್ತಿಗೆ

‘ಪರೀಕ್ಷೆ ಇನ್ನೂ ಬಿಗಿ ಮಾಡಿದರೆ ಸಾಕು’ ಎನ್ನುವವರಿದ್ದಾರೆ. ಪರೀಕ್ಷೆ ಬೇಕು, ಅನುಮಾನವಿಲ್ಲ. ಆದರೆ ಅದೊಂದೇ ಸಾಲದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ನೋಡಿ. 2021ರ ಕೆಂಟಕಿ ಡರ್ಬಿಯಲ್ಲಿ ಮೊದಲು ಬಂದ ‘ಮೆಡಿನಾ ಸ್ಪಿರಿಟ್’ ಕುದುರೆಯ ರಕ್ತದಲ್ಲಿ ಬೀಟಾಮೆಥಸೋನ್ ಎಂಬ ಊತ ಇಳಿಸುವ ಸ್ಟೀರಾಯ್ಡ್ ಸಿಕ್ಕಿತು. ಪ್ರಮಾಣ ಮಿಲಿಲೀಟರಿಗೆ 21 ಪಿಕೋಗ್ರಾಂ. ಒಂದು ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟು ಸೂಕ್ಷ್ಮವಾಗಿ ಯಂತ್ರ ಹಿಡಿದುಕೊಟ್ಟಿತು. ಆಮೇಲೆ ಶುರುವಾದದ್ದು ಅದೇ ಹಳೆಯ ಜಗಳ: ಕೀಲಿಗೆ ಚುಚ್ಚಿದ್ದೇ, ಚರ್ಮದ ಗಂಧೆಗೆ ಹಚ್ಚಿದ ಮುಲಾಮೇ? ಗೆಲುವನ್ನು ರದ್ದು ಮಾಡಿದ್ದು 2022ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಕುದುರೆಯೇ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಅಭ್ಯಾಸದ ಓಟ ಮುಗಿಸಿ ಅದು ಕುಸಿದು ಸತ್ತಿತ್ತು. ಸಾವಿಗೆ ನಿಖರ ಕಾರಣ ಮರಣೋತ್ತರ ಪರೀಕ್ಷೆಯಲ್ಲಿ ಸಿಗಲಿಲ್ಲ, ಔಷಧವೇ ಕಾರಣ ಎಂದು ಹೇಳುವಂತಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಒಂಬತ್ತು ತಿಂಗಳ ವಾದದಲ್ಲಿ ಬಹುಮಾನ ಯಾರದು ಎಂಬುದು ತೀರ್ಮಾನವಾಯಿತು, ಕುದುರೆಗೆ ಅದರಿಂದ ಏನೂ ಆಗಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ನಮ್ಮ ಕಾನೂನಿನ ಶಿಕ್ಷೆಯ ಬಗ್ಗೆಯಂತೂ ಹೇಳುವುದೇ ಬೇಡ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ಬೇಕೆಂದೇ ಹಾನಿಕಾರಕ ಔಷಧ ಕೊಡುವುದು ಅಪರಾಧ. ಮೊದಲ ಸಲದ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ! ವರ್ತೂರು ಕೋಡಿಯಲ್ಲಿ ನಿಂತು ಇಬ್ಬರು ಕಾಫಿ ಕುಡಿದರೆ ಆಗುವಷ್ಟು. ಇಂಥ ದಂಡಕ್ಕೆ ಯಾರು ಹೆದರುತ್ತಾರೆ?

ಮಾಡಬೇಕಾದದ್ದು ಏನು?

ಬೇರೆ ಕಡೆ ಮಾಡಿ ತೋರಿಸಿದ ದಾರಿಗಳಿವೆ. ಹಾಂಗ್‌ಕಾಂಗ್‌ನಲ್ಲಿ ಜಾಕಿ ಕ್ಲಬ್ಬಿನ ಪಶುವೈದ್ಯರೇ ರೇಸು ಕುದುರೆಗಳನ್ನು ನೋಡಿಕೊಳ್ಳುತ್ತಾರೆ. ಯಾವ ಕುದುರೆಯ ಯಾವ ಕಾಲು ಯಾವ ದಿನ ಕುಂಟಿತು, ಮೂಗಿನಲ್ಲಿ ರಕ್ತ ಬಂತೇ, ಮತ್ತೆ ಯಾವಾಗ ತಪಾಸಣೆಯಲ್ಲಿ ಪಾಸಾಯಿತು ಎಂಬುದನ್ನು ಕ್ಲಬ್ ಸಾರ್ವಜನಿಕರಿಗೆ ಪ್ರಕಟಿಸುತ್ತದೆ. ಅಮೆರಿಕದಲ್ಲಿ 2020ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಪ್ರಾಧಿಕಾರ, ಪ್ರತಿ ಚಿಕಿತ್ಸೆಯ ವಿವರವನ್ನು ಪಶುವೈದ್ಯರು 24 ಗಂಟೆಯೊಳಗೆ ತನಗೆ ಸಲ್ಲಿಸಬೇಕು ಎಂದು ನಿಯಮ ಮಾಡಿದೆ. ಕೀಲಿನೊಳಗೆ ಚುಚ್ಚುಮದ್ದು ಕೊಟ್ಟರೆ 14 ದಿನ ಓಟವಿಲ್ಲ, 7 ದಿನ ವೇಗದ ಅಭ್ಯಾಸವೂ ಇಲ್ಲ.

ಕರ್ನಾಟಕದಲ್ಲಿ ಇದಕ್ಕೆ ಹೊಸ ಕಾನೂನೇ ಬೇಕೆಂದಿಲ್ಲ. 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯ್ದೆಯ ಪ್ರಕಾರ ರೇಸು ನಡೆಸಲು ಪರವಾನಗಿ ಕೊಡುವುದು ರಾಜ್ಯ ಸರ್ಕಾರ. ಪರವಾನಗಿಯ ಷರತ್ತುಗಳಲ್ಲಿ ಮೂರು ಸಾಲು ಸೇರಿಸಲಿ. ಒಂದು, ಪ್ರತಿ ಕುದುರೆಯ ಪ್ರತಿ ಚಿಕಿತ್ಸೆಯೂ 24 ಗಂಟೆಯೊಳಗೆ ಆನ್‌ಲೈನ್ ದಾಖಲೆ ಸೇರಬೇಕು. ಎರಡು, ಕಾಯುವ ಅವಧಿ ಮುಗಿಯದ ಕುದುರೆಯ ಹೆಸರನ್ನು ಓಟಕ್ಕೆ ಕೊಟ್ಟರೆ ಕಂಪ್ಯೂಟರೇ ತಿರಸ್ಕರಿಸಬೇಕು. ಮೂರು, ಆ ದಾಖಲೆ ಯಾರು ಬೇಕಾದರೂ ನೋಡುವಂತಿರಬೇಕು, ಕುದುರೆ ಕೈ ಬದಲಾದರೆ ಅದರ ಜತೆಗೇ ಹೋಗಬೇಕು.

ಈ ವ್ಯವಸ್ಥೆ ಬಂದರೆ ಪ್ರೊಕೇನಿನ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಔಷಧ ಸಿಕ್ಕಿತು, ದಾಖಲೆಯಲ್ಲಿ ಇಲ್ಲ ಎಂದರೆ ದಾಖಲೆಯಲ್ಲಿ ಇಲ್ಲದಿರುವುದೇ ಅಪರಾಧ. ಉದ್ದೇಶ ಏನಿತ್ತು ಎಂದು ತಿಂಗಳುಗಟ್ಟಲೆ ವಾದಿಸಬೇಕಿಲ್ಲ. ದಾಖಲೆಯಲ್ಲಿ ಪೆನಿಸಿಲಿನ್ ಕೊಟ್ಟದ್ದಿದೆ, ಆದರೂ ಬೇಗ ಓಡಿಸಿದರು ಎಂದರೆ ಅದು ನಿರ್ಲಕ್ಷ್ಯ. ಪ್ರಾಮಾಣಿಕವಾಗಿ ಚಿಕಿತ್ಸೆ ಮಾಡಿದ ಪಶುವೈದ್ಯರಿಗೂ ಇದೇ ರಕ್ಷಣೆ. ‘ಭಾನುವಾರ ಓಡಲೇಬೇಕು, ಏನಾದರೂ ಮಾಡಿ’ ಎಂದು ಒತ್ತಡ ಬಂದಾಗ, ‘ಸಾರ್, ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ’ ಎನ್ನಲು ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರಿಗೂ ಧೈರ್ಯ ಬರುತ್ತದೆ.

ಆಕ್ಷೇಪಣೆಗಳು ಬರುತ್ತವೆ. ಕುದುರೆಯ ಆರೋಗ್ಯ ಮಾಲೀಕರ ಖಾಸಗಿ ವಿಷಯ ಎನ್ನಬಹುದು. ಮನೆಯ ಲಾಯದಲ್ಲಿ ಕಟ್ಟಿಕೊಂಡಿದ್ದರೆ ಖಾಸಗಿಯೇ. ಸಾರ್ವಜನಿಕರು ಹಣ ಕಟ್ಟುವ ಓಟಕ್ಕೆ ಇಳಿಸಿದ ಮೇಲೆ ಹಾಗೆನ್ನಲಾಗದು. ರೇಸು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕುದುರೆಯ ವಂಶ, ತೂಕ, ಹಿಂದಿನ ಓಟ ಎಲ್ಲವನ್ನೂ ಅಳೆದು ನೋಡುವುದೇ ಆ ಕೌಶಲ ಎಂದಾದರೆ ಅದರ ಕಾಲಿನ ಸ್ಥಿತಿ ಮುಚ್ಚಿಟ್ಟು ಕೌಶಲ ಎನ್ನುವುದು ಹೇಗೆ? ಇನ್ನು ಕೆಲವರು ‘ದಾಖಲಿಸದೆ ಕದ್ದು ಕೊಡುತ್ತಾರೆ’ ಎನ್ನಬಹುದು. ಕೊಡಬಹುದು. ಅದಕ್ಕೇ ಪರೀಕ್ಷೆಯೂ ಇರಲಿ ಎನ್ನುತ್ತಿರುವುದು. ದಾಖಲೆ, ಪರೀಕ್ಷೆ ಎರಡೂ ಒಂದನ್ನೊಂದು ಕಾಯಬೇಕು.

‘ರೇಸನ್ನೇ ನಿಲ್ಲಿಸಿಬಿಡಿ’ ಎನ್ನುವ ಗೆಳೆಯರೂ ನನಗಿದ್ದಾರೆ. ಆ ವಾದಕ್ಕೆ ತೂಕವಿದೆ, ನಡೆಯಲಿ. ಆದರೆ ಅದು ಮುಗಿಯುವವರೆಗೆ ವಾರ ವಾರ ಕುದುರೆಗಳು ಓಡುತ್ತಲೇ ಇರುತ್ತವೆ. ಇಂದು ಓಡುವ ಕುದುರೆಗೆ ನಾಳಿನ ನಿಷೇಧದಿಂದ ಏನೂ ಸಿಗುವುದಿಲ್ಲ.

ಕೊನೆಗೆ ನಮ್ಮ ಪಾಲಿನ ಮಾತು. ವೈಟ್‌ಫೀಲ್ಡ್, ವರ್ತೂರಿನ ಈ ಪಟ್ಟಿಯಲ್ಲಿ ಕೂತು ನಮ್ಮ ಅಣ್ಣ ಅಕ್ಕಂದಿರು ಹೊರದೇಶದ ಆಸ್ಪತ್ರೆಗಳಿಗೆ ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆ ಇರುವ ಲಾಯಗಳಿಗೆ ಅಂಥದ್ದೊಂದು ದಾಖಲೆ ಮಾಡುವುದು ಕಷ್ಟದ ಕೆಲಸವಲ್ಲ, ಫೈನಲ್ ಇಯರ್ ಪ್ರಾಜೆಕ್ಟಿನ ಮಟ್ಟದ್ದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಔಷಧದ ಪಟ್ಟಿ, ಕಾಯುವ ದಿನಗಳನ್ನು ಹೇಳಿಕೊಟ್ಟರೆ ನಾವು ಅದನ್ನು ಯಂತ್ರಕ್ಕೆ ಕಲಿಸಬಹುದು. ಕೆಲಸ ಹುಡುಕುತ್ತಿರುವವರಿಗೆ ಔಷಧ ಪತ್ತೆಯ ಪ್ರಯೋಗಾಲಯ, ಪ್ರಾಣಿಗಳ ಆರೋಗ್ಯ ದಾಖಲೆ ಇವೆಲ್ಲ ಹೊಸ ದಾರಿಗಳೂ ಹೌದು. ತಂತ್ರಜ್ಞಾನ ತಯಾರಿದೆ. ಪರವಾನಗಿ ಕೊಡುವವರು ಒಂದು ಷರತ್ತು ಬರೆಯಬೇಕು, ಅಷ್ಟೇ. ಅದನ್ನು ಬರೆಯಿರಿ ಎಂದು ಕೇಳಲು ಕುದುರೆಗೆ ಬಾಯಿಲ್ಲ. ನಮಗಿದೆ.